ಹವಳದ ಸೀರು

ನನ್ನ ಹವಳವನ್ನು ತಿಂದ ಹುಳು ನೋಡಲು ಬಹಳ ಚೆಂದವಾಗಿತ್ತು. ನನಗೆ ಹೆಚ್ಚು ಸಿಟ್ಟು ಬರಿಸಿದ್ದು ಅದೇ. ಅಕ್ಕಿ ನುಚ್ಚಿನಷ್ಟು ಗಾತ್ರ, ಹಾಲಿನ ಬಿಳುಪು, ಬೆನ್ನಿನ ಎರಡೂ ಕಡೆ ಎಳೆ ಎಳೆಯಾಗಿ ಗರಿ. ನಾನು ಅರ್ಧ ದಿನ ಕೂತು ಸೀರೆ ಸೆರಗಿಗೆ ಕಟ್ಟುವ ಕುಚ್ಚು ಕೂಡ ಅಷ್ಟು ಸಮವಾಗಿ ಬರುವುದಿಲ್ಲ. ಅವತ್ತು ಬೆಳಿಗ್ಗೆ ತೊಟ್ಟಿಯ ದೀಪ ಹಾಕುವ ಮೊದಲು, ಹವಳದ ಒಂದು ಅಂಚು ಯಾಕೋ ಬಿಳಿಚಿಕೊಂಡಿದೆಯಲ್ಲ ಎಂದು ಕೈ ಹಾಕಿ ಅದನ್ನು ಎತ್ತಿ ಮಗುಚಿದೆ. ಅಡಿಯಲ್ಲಿ ಎಂಟೊಂಬತ್ತು ಹುಳುಗಳು ಆರಾಮವಾಗಿ ಮೇಯುತ್ತಿದ್ದವು. ಮೇಯ್ದ ಜಾಗವೆಲ್ಲ ಸುಣ್ಣ ಬಳಿದ ಗೋಡೆಯಾಗಿತ್ತು.

ಚನ್ನಗಿರಿಗೂ ಹವಳಕ್ಕೂ ಏನು ಸಂಬಂಧ ಎಂದು ಕೇಳುವವರು ಬಹಳ ಜನ. ನಾನು ಇಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹುಟ್ಟಿ ಬೆಳೆದದ್ದು ಜಗಳೂರಿನಲ್ಲಿ. ಸಮುದ್ರವನ್ನು ಇವತ್ತಿನವರೆಗೂ ಕಣ್ಣಾರೆ ಕಂಡವಳಲ್ಲ. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನ ಮೇಡಂ ಒಬ್ಬರು ಉಪ್ಪುನೀರಿನ ದೊಡ್ಡ ಗಾಜಿನ ತೊಟ್ಟಿ ಇಟ್ಟುಕೊಂಡಿದ್ದರು. ಅವರಿಗೆ ದೂರದ ಊರಿಗೆ ವರ್ಗವಾದಾಗ ಅದನ್ನು ಹೊತ್ತೊಯ್ಯಲು ಆಗದೆ ನನಗೆ ಬಿಟ್ಟು ಹೋದರು. ಒಳಗೆ ಎರಡು ಮೀನು, ಒಂದಷ್ಟು ಕಲ್ಲು, ಹೆಬ್ಬೆರಳಿನ ಉಗುರಿನಷ್ಟು ಕಿತ್ತಳೆ ಬಣ್ಣದ ಒಂದು ಹವಳದ ಚೂರು. ಅದು ಸಮುದ್ರದಿಂದ ಕಿತ್ತು ತಂದದ್ದಲ್ಲ, ಇನ್ಯಾರದೋ ತೊಟ್ಟಿಯಲ್ಲಿ ಬೆಳೆದದ್ದಂತೆ. ಗಿಡದ ಕಡ್ಡಿ ನೆಟ್ಟ ಹಾಗೆ ಚೂರು ಮುರಿದು ಕಲ್ಲಿಗೆ ಅಂಟಿಸಿದರೆ ಬೆಳೆಯುತ್ತದೆ ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು, ಸತ್ತರೆ ಸತ್ತಿತು, ತಲೆ ಕೆಡಿಸಿಕೊಳ್ಳಬೇಡಿ ಎಂದೂ ಸೇರಿಸಿದರು.

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಸತ್ತರೆ ಸತ್ತಿತು ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದು ಹೇಗೆ ಸಾಯುತ್ತದೋ ನೋಡಿಯೇ ಬಿಡುತ್ತೇನೆ ಅಂದುಕೊಂಡೆ. ಪಾರ್ಸೆಲ್‌ನಲ್ಲಿ ಉಪ್ಪು ತರಿಸಿದೆ. ಫಿಲ್ಟರ್ ನೀರು ಹಿಡಿದಿಟ್ಟು ಅದರಲ್ಲಿ ಕರಗಿಸುವುದನ್ನು ಕಲಿತೆ. ಬೇಸಿಗೆಯಲ್ಲಿ ನನಗಿದ್ದ ಒಂದೇ ಟೇಬಲ್ ಫ್ಯಾನನ್ನು ತೊಟ್ಟಿಯ ನೀರಿನ ಕಡೆ ತಿರುಗಿಸಿ ನಾನು ಬೆವರುತ್ತಾ ಹೊಲಿದೆ. ಕರೆಂಟ್ ಹೋದಾಗ ಇನ್ವರ್ಟರ್ ನೋಡಿಕೊಳ್ಳುವುದು ನನ್ನ ಯಜಮಾನರ ಪಾಲಿಗೆ ಬಂತು. ಐದು ವರ್ಷಗಳಲ್ಲಿ ಉಗುರಿನಷ್ಟಿದ್ದದ್ದು ಜೋಳದ ರೊಟ್ಟಿಯಷ್ಟು ಅಗಲವಾಯಿತು. ಬ್ಲೌಸ್ ಅಳತೆ ಕೊಡಲು ತ್ಯಾವಣಿಗೆಯಿಂದ ಬಂದ ಹೆಂಗಸರು ಅಳತೆ ಮರೆತು ಅದರ ಮುಂದೆ ನಿಲ್ಲುತ್ತಿದ್ದರು. ನಾನು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಎಲ್ಲವೂ ಇತ್ತು: ಅತ್ತೆಯ ಪಾತ್ರೆ, ಅತ್ತೆಯ ತುಳಸಿ, ಅತ್ತೆಯ ಉಪ್ಪಿನಕಾಯಿ ಜಾಡಿ. ನಾನೇ ಬೆಳೆಸಿದ್ದು ಎಂದು ಎದೆ ತಟ್ಟಿ ಹೇಳಬಹುದಾದ್ದು ಆ ಕಿತ್ತಳೆ ಹವಳ ಒಂದೇ.

ಅತ್ತೆ ಅದನ್ನು "ಆ ಕಲ್ಲು" ಎನ್ನುತ್ತಿದ್ದರು. ಹವಳ ಅಂದರೆ ತಾಳಿ ಸರಕ್ಕೆ ಪೋಣಿಸುವುದು, ನೀರಲ್ಲಿ ಮುಳುಗಿಸಿ ದೀಪ ಹಾಕುವುದಲ್ಲ ಎಂಬುದು ಅವರ ವಾದ. ಅದರ ಮುಂದೆ ಹಾದು ಹೋಗುವಾಗ ಸೆರಗು ತಾಗೀತೇನೋ ಎಂಬಂತೆ ಸರಿದು ಹೋಗುತ್ತಿದ್ದರು.

ಈಗ ಹುಳು ಬಂದ ದಾರಿ. ಅದು ನನ್ನದೇ ತಪ್ಪು, ಆದರೆ ನಮ್ಮ ಕಡೆಯವರು ಯಾರಾಗಿದ್ದರೂ ಅದನ್ನೇ ಮಾಡುತ್ತಿದ್ದರು. ಹೊನ್ನಾಳಿಯಲ್ಲಿ ಬಳೆ ಅಂಗಡಿ ಇಟ್ಟುಕೊಂಡಿರುವ ಒಬ್ಬ ಗೆಳತಿ ನನಗಿದ್ದಾಳೆ. ಇಂಥ ತೊಟ್ಟಿ ಇಟ್ಟುಕೊಂಡವರ ವಾಟ್ಸಾಪ್ ಗುಂಪಿನಲ್ಲಿ ಪರಿಚಯವಾದವಳು. ಸುತ್ತಮುತ್ತ ನಾವಿಬ್ಬರೇ ಇಬ್ಬರು. ಕಳೆದ ರಂಜಾನ್ ಹಬ್ಬದ ದಿನ ಸಂಜೆ ಅವಳು ಗಂಡನ ಜೊತೆ ಸಾಸ್ವೆಹಳ್ಳಿ ಮೇಲೆ ಬೈಕಿನಲ್ಲಿ ಬಂದಳು. ಒಂದು ಕೈಯಲ್ಲಿ ಹಾಲು ಶಾವಿಗೆಯ ಸುರಕುಂಬ ತುಂಬಿದ ಸ್ಟೀಲ್ ಡಬ್ಬಿ, ಇನ್ನೊಂದರಲ್ಲಿ ನೀರು ತುಂಬಿದ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಹಸಿರು ಹವಳದ ಒಂದು ಚೂರು. ಹೊಸ ಹವಳ ಯಾರ ಮನೆಯಿಂದ ಬಂದರೂ ಔಷಧಿ ನೀರಿನಲ್ಲಿ ಅದ್ದಿ, ಕಣ್ಣಿಟ್ಟು ನೋಡಿ, ಆಮೇಲೆ ತೊಟ್ಟಿಗೆ ಬಿಡಬೇಕು. ಇದು ಮೊದಲ ಪಾಠ, ನನಗೂ ಗೊತ್ತಿತ್ತು. ಆದರೆ ಅವಳು ಹೊಸ ಬಟ್ಟೆ ಉಟ್ಟು, ಮೆಹಂದಿ ಹಚ್ಚಿದ ಕೈ ಕಟ್ಟಿಕೊಂಡು, ಅದನ್ನು ಎಲ್ಲಿ ಇಡುತ್ತೀರಿ ಅಕ್ಕಾ ಎಂದು ನಗುತ್ತಾ ಕಾಯುತ್ತಿದ್ದಳು. ಹಬ್ಬದ ಸಿಹಿಯ ಜೊತೆ ಬಂದದ್ದನ್ನು ಅವಳ ಕಣ್ಣೆದುರಿಗೇ ಔಷಧಿಗೆ ಅದ್ದುವುದೆಂದರೆ, ಅವಳು ಕೊಟ್ಟ ಸುರಕುಂಬವನ್ನು ಮೂಸಿ ನೋಡಿ ಕುಡಿದ ಹಾಗೆ. ನನಗೆ ಅದು ಆಗಲಿಲ್ಲ. ಸೀದಾ ತೊಟ್ಟಿಗೆ ಬಿಟ್ಟೆ.

ಅಷ್ಟಕ್ಕೇ ನಿಲ್ಲಲಿಲ್ಲ. ತುಂಬಿ ಬಂದ ಡಬ್ಬಿಯನ್ನು ಖಾಲಿ ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹದಿನೈದು ದಿನ ಬಿಟ್ಟು ಹೊನ್ನಾಳಿಗೆ ಹೋದಾಗ ಸ್ಟೀಲ್ ಡಬ್ಬಿಗೆ ಕರ್ಜಿಕಾಯಿ ತುಂಬಿದೆ, ಪ್ಲಾಸ್ಟಿಕ್ ಡಬ್ಬಿಗೆ ನನ್ನ ಕಿತ್ತಳೆಯ ಒಂದು ಚೂರು. ಅವಳೂ ಅದನ್ನು ತೊಳೆಯದೆ ನನ್ನೆದುರಿಗೇ ತೊಟ್ಟಿಗೆ ಬಿಟ್ಟಳು. ಇಬ್ಬರೂ ಮರ್ಯಾದಸ್ತರು.

ಹುಳು ಕಂಡ ಮೇಲೆ ನಾನು ಮೊದಲು ಮಾಡಿದ ಕೆಲಸವೆಂದರೆ ಅತ್ತೆ ಎಲ್ಲಿದ್ದಾರೆ ಎಂದು ನೋಡಿದ್ದು. ಅವರು ಹಿತ್ತಲಲ್ಲಿದ್ದರು. ಹವಳವನ್ನು ಬೇಗನೆ ಮೊದಲಿನ ಜಾಗದಲ್ಲಿಟ್ಟು ಕೈ ಒರೆಸಿಕೊಂಡೆ. ಈ ಭಯಕ್ಕೆ ಇಪ್ಪತ್ತಮೂರು ವರ್ಷ ವಯಸ್ಸಾಗಿತ್ತು.

ನಾನು ಮದುವೆಯಾಗಿ ಬಂದ ಮೊದಲ ತಿಂಗಳು. ನನ್ನ ನಾದಿನಿ, ಅಂದರೆ ಅತ್ತೆಯ ಮಗಳು, ಆಗ ಮದುವೆಯ ವಯಸ್ಸಿಗೆ ಬಂದಿದ್ದಳು. ನಾನೂ ಅವಳೂ ಒಂದೇ ಕನ್ನಡಿ, ಒಂದೇ ಬಾಚಣಿಗೆ, ಒಬ್ಬರ ಜಡೆ ಒಬ್ಬರು ಹೆಣೆಯುತ್ತಿದ್ದೆವು. ಒಂದು ದಿನ ಅತ್ತೆ ನನ್ನ ಬೈತಲೆ ನೋಡಿ, ಬಾ ಇಲ್ಲಿ ಎಂದು ಮನೆ ಮುಂದಿನ ಕಟ್ಟೆಗೆ ಕರೆದುಕೊಂಡು ಹೋದರು. ಬಿಳಿ ಟವೆಲ್ ಹಾಸಿ, ನನ್ನ ತಲೆ ಬಗ್ಗಿಸಿ, ಸೀರಣಿಗೆ ಹಾಕಿ ಬಾಚಿದರು. ಹೇನು ಉದುರಿದವು. ಅಕ್ಕಪಕ್ಕದ ಹೆಂಗಸರು ಸೇರಿದರು. ಅತ್ತೆ ಒಂದೊಂದನ್ನೇ ಉಗುರಿನ ಮೇಲಿಟ್ಟು ಕುಕ್ಕುತ್ತಾ, "ಜಗಳೂರಿಂದ ತಂದ ಬಳುವಳಿ ನೋಡ್ರಿ" ಅಂದರು. ಎಲ್ಲರೂ ನಕ್ಕರು. ಇಪ್ಪತ್ತು ವರ್ಷದ ಹುಡುಗಿ ನಾನು, ಮುಖಕ್ಕೆ ಕೂದಲು ಇಳಿಬಿಟ್ಟು ಅದರೊಳಗೇ ಅತ್ತುಬಿಟ್ಟೆ. ನನ್ನ ತವರಿಗೆ ಹೇಳಲಿಲ್ಲ. ಆದರೆ ಮರೆಯಲೂ ಇಲ್ಲ. ಆಮೇಲೆ ಅತ್ತೆಗೆ ಮಾಡಬೇಕಾದ್ದೆಲ್ಲ ಮಾಡಿದೆ, ಕಣ್ಣಿನ ಪೊರೆ ತೆಗೆಸುವಾಗ ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಕೂತಿದ್ದೆ. ಆದರೆ ನನ್ನ ತಲೆಯನ್ನು ಮತ್ತೆ ಅವರ ಕೈಗೆ ಕೊಟ್ಟವಳಲ್ಲ. ಈಗ ನನ್ನ ಹವಳಕ್ಕೂ ಹುಳು ಬಿದ್ದಿದೆ ಎಂದು ಗೊತ್ತಾದರೆ ಊರಿಗೆಲ್ಲ ಹಬ್ಬ.

ಹಾಗಾಗಿ ಒಬ್ಬಳೇ ಹೋರಾಡಿದೆ. ಅತ್ತೆ ಮಧ್ಯಾಹ್ನ ಊಟ ಮಾಡಿ ಮಲಗಿದಾಗ ಗಾಜಿನ ಬೋಗುಣಿಗೆ ತೊಟ್ಟಿಯ ನೀರು ತುಂಬಿ, ತರಿಸಿಟ್ಟಿದ್ದ ಔಷಧಿ ಬೆರೆಸಿ, ಹವಳವನ್ನು ಅದರಲ್ಲಿಟ್ಟು, ಸೂಜಿಯಿಲ್ಲದ ಸಿರಿಂಜಿನಿಂದ ನೀರು ಚಿಮ್ಮಿಸುತ್ತಿದ್ದೆ. ಹುಳುಗಳು ಉದುರಿ ಬೀಳುತ್ತಿದ್ದವು. ಗೆದ್ದೆ ಎಂದುಕೊಂಡು ಹವಳ ವಾಪಸ್ ಇಡುತ್ತಿದ್ದೆ. ವಾರ ತುಂಬುವಷ್ಟರಲ್ಲಿ ಮತ್ತೆ ಅಷ್ಟೇ ಹುಳು. ಮೂರು ಸಲ ಹೀಗಾಯಿತು. ಹೊನ್ನಾಳಿಯಿಂದ ಬಂದ ಹಸಿರು ಚೂರು ಪೂರ್ತಿ ಸತ್ತಿತು. ಕಿತ್ತಳೆ ರೊಟ್ಟಿಯಲ್ಲಿ ಅರ್ಧ ಬಿಳಿಯಾಯಿತು. ಗುಂಪಿನಲ್ಲಿ ಗೆಳತಿ ನಮ್ಮ ಹವಳದ ಫೋಟೋ ಕೇಳಿದಾಗ ಹಳೆಯ ಫೋಟೋ ಕಳಿಸಿದೆ. ನಿನ್ನ ಹಬ್ಬದ ಉಡುಗೊರೆಯಲ್ಲಿ ಹುಳು ಇತ್ತು ಎಂದು ಯಾವ ಬಾಯಲ್ಲಿ ಹೇಳುವುದು? ಒಂದು ಮಧ್ಯಾಹ್ನ ಬೋಗುಣಿಯ ಮುಂದೆ ಕೂತು ಸುಮ್ಮನೆ ಅತ್ತುಬಿಟ್ಟೆ. ಐದು ವರ್ಷ ಬೆಳೆಸಿದ್ದು ಇನ್ನೊಂದು ತಿಂಗಳಿಗೆ ಮುಗಿಯುತ್ತದೆ ಎಂದು ನನಗೆ ಖಾತ್ರಿಯಾಗಿತ್ತು.

ಅವತ್ತೇ ಅತ್ತೆ ನಿದ್ದೆಯಿಂದ ಬೇಗ ಎದ್ದು ಬಂದದ್ದು. ನಾನು ಮುಚ್ಚಿಡುವಷ್ಟರಲ್ಲಿ ಬಗ್ಗಿ ನೋಡಿದ್ದರು. ಪೊರೆ ತೆಗೆಸಿದ ಮೇಲೆ ಅವರ ಕಣ್ಣು ನನ್ನದಕ್ಕಿಂತ ಚುರುಕು. ನಗುತ್ತಾರೆ ಎಂದು ಹಲ್ಲು ಕಚ್ಚಿ ಕಾದೆ. ಅವರು ನಗಲಿಲ್ಲ. ಹೊಲಿಗೆ ಯಂತ್ರದ ಮೇಲಿದ್ದ ನನ್ನ ಭೂತಗನ್ನಡಿ ತಗೊಂಡು, ಹವಳದ ಅಡಿಭಾಗವನ್ನು ಬೆಳಕಿಗೆ ಓರೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಸೀರು ಕಣೇ," ಎಂದರು. "ನೀನು ಹುಳ ಉದುರಿಸಿದ್ರೆ ಏನು ಬಂತು? ಸೀರು ಹಂಗೇ ಐತೆ. ಅದನ್ನ ಕೈಯಾಗೇ ಕೀಳಬೇಕು."

ನೋಡಿದೆ. ಬಿಳಿಯಾದ ಜಾಗದಲ್ಲಿ, ಬಿಳಿಯ ಮೇಲೆ ಬಿಳಿಯಾಗಿ, ಸಾಸಿವೆಗಿಂತ ಸಣ್ಣ ಚುಕ್ಕೆಗಳ ಗೊಂಚಲು. ಹುಳುವಿನ ಮೊಟ್ಟೆ. ಔಷಧಿಗೆ ಮೊಟ್ಟೆ ಸಾಯುವುದಿಲ್ಲ ಎಂದು ನಾನೂ ಓದಿದ್ದೆ. ಆದರೆ ಮೊಟ್ಟೆ ಎಲ್ಲಿದೆ ಎಂಬುದು ನನ್ನ ಕಣ್ಣಿಗೆ ಒಂದು ದಿನವೂ ಬಿದ್ದಿರಲಿಲ್ಲ. ಊರಿನ ಮೂರು ತಲೆಮಾರಿನ ಹುಡುಗಿಯರ ತಲೆ ನೋಡಿದ ಕಣ್ಣಿಗೆ ಒಂದು ನಿಮಿಷಕ್ಕೇ ಬಿತ್ತು.

ಅಲ್ಲಿಂದ ಕೆಲಸ ಅವರ ಕೈಗೆ ಹೋಯಿತು. ಸಿಟ್ಟು ಬಂದರೂ ನಾನು ಬಿಟ್ಟುಕೊಟ್ಟೆ, ಹವಳ ಉಳಿಯಬೇಕಿತ್ತಲ್ಲ. ಅವರು ಅಭ್ಯಾಸಬಲದಿಂದ ಬೋಗುಣಿಯ ಕೆಳಗೆ ಬಿಳಿ ಟವೆಲ್ ಹಾಸಿದರು. ಬಿಳಿ ಹುಳು ಬಿಳಿ ಬಟ್ಟೆಯ ಮೇಲೆ ಹೇಗೆ ಕಾಣಬೇಕು? ನಾನು ಕಪ್ಪು ಲೈನಿಂಗ್ ಬಟ್ಟೆಯ ತುಂಡು ತಂದು ಹಾಸಿದೆ. ಉದುರಿದ್ದೆಲ್ಲ ಒಂದೊಂದಾಗಿ ಎದ್ದು ಕಂಡಿತು. ಅತ್ತೆ ಆ ಬಟ್ಟೆಯನ್ನೂ ನನ್ನನ್ನೂ ನೋಡಿ, ಪರವಾಗಿಲ್ಲ ಎಂಬಂತೆ ತಲೆ ಆಡಿಸಿದರು. ಇಪ್ಪತ್ತಮೂರು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು.

ಹುಳು ಉದುರಿಸುವುದು ನನ್ನ ಪಾಲು, ಮೊಟ್ಟೆ ತೋರಿಸುವುದು ಅವರ ಪಾಲು. ಬೈತಲೆ ತೆಗೆದ ಹಾಗೆ ಸಾಲು ಸಾಲಾಗಿ ನೋಡಿಕೊಂಡು ಬರುತ್ತಿದ್ದರು, ಒಂದು ಸಾಲು ಮುಗಿಯದೆ ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಅವರು ಬೆರಳು ತೋರಿಸಿದಲ್ಲಿ ನಾನು ದಪ್ಪ ಸೂಜಿಯಿಂದ ಕೆರೆಯುತ್ತಿದ್ದೆ, ಮೆತ್ತನೆಯ ಬ್ರಷ್‌ನಿಂದ ಉಜ್ಜುತ್ತಿದ್ದೆ. ನಾಲ್ಕು ದಿನಕ್ಕೊಮ್ಮೆ, ತಪ್ಪದೆ. ಉಳಿದ ಮೊಟ್ಟೆ ಒಡೆದು ಮರಿಯಾದರೂ, ಆ ಮರಿ ಬೆಳೆದು ಮತ್ತೆ ಮೊಟ್ಟೆ ಇಡುವ ಮೊದಲೇ ಹಿಡಿಯಬೇಕೆಂಬುದು ಅವರ ಲೆಕ್ಕ. ತಲೆಗೆ ಹಾಕುತ್ತಿದ್ದ ಲೆಕ್ಕ ಹವಳಕ್ಕೂ ಸರಿಹೋಯಿತು.

ಎರಡನೇ ಸಲಕ್ಕೇ ಅವರು ಇನ್ನೊಂದು ಪ್ರಶ್ನೆ ಎತ್ತಿದರು. ಇದು ಯಾರ ಮನೆಯಿಂದ ಬಂತು, ಆ ಮನೆಯಲ್ಲೂ ಬಾಚುತ್ತಿದ್ದಾರಾ? ಒಂದು ಮನೆಯ ಹುಡುಗಿಗೆ ಬಾಚಿ ಪಕ್ಕದ ಮನೆಯವಳನ್ನು ಬಿಟ್ಟರೆ ಏನು ಪ್ರಯೋಜನ? ನಾನು ತಡವರಿಸಿದೆ. ಹೇಳಿದರೆ ಗೆಳತಿ ನೊಂದುಕೊಳ್ಳುತ್ತಾಳೆ ಎಂದೆ. ಅತ್ತೆಗೆ ಅಂಥ ನಾಜೂಕು ಇಲ್ಲ. ನನ್ನ ಫೋನ್ ಕಿತ್ತುಕೊಂಡು ನನ್ನಿಂದಲೇ ನಂಬರ್ ಹಚ್ಚಿಸಿ, ಸ್ಪೀಕರ್ ಹಾಕಿಸಿ, ನಿಮ್ಮ ಮನೆ ಕಲ್ಲಿಗೂ ಹುಳು ಬಿದ್ದಿದೆಯಾ ಎಂದು ನೇರವಾಗಿ ಕೇಳಿಬಿಟ್ಟರು.

ಆ ಕಡೆಯಿಂದ ಗೆಳತಿಯ ಧ್ವನಿ ಒಡೆದು ಬಂತು. "ಅಕ್ಕಾ, ಅದು ನಮ್ಮ ಮನೇದೇ. ಹಬ್ಬ ಆಗಿ ತಿಂಗಳಿಗೆ ನನಗೆ ಗೊತ್ತಾತು. ನಾನೇ ಕೊಟ್ಟೆ ಅಂತ ಹೆಂಗೆ ಹೇಳಾಕೆ ಬರ್ತೈತೆ? ನೀವು ಕೊಟ್ಟ ಕಿತ್ತಳೆನೂ ಅರ್ಧ ಹೋಗೈತೆ. ಹಳೇ ಫೋಟೋ ಹಾಕ್ಕೊಂಡು ಕೂತೀನಿ."

ನನಗೆ ನಗುವೂ ಬಂತು, ಅಳುವೂ ಬಂತು. ಎರಡು ಊರಿನಲ್ಲಿ ಇಬ್ಬರು ಹೆಂಗಸರು, ಒಬ್ಬರಿಗೊಬ್ಬರು ಹಳೆಯ ಫೋಟೋ ಕಳಿಸುತ್ತಾ, ಮರ್ಯಾದೆಗಾಗಿ ಎರಡೂ ಹವಳವನ್ನು ಕೊಲ್ಲುತ್ತಿದ್ದೆವು. ಬೈಯಲಿಲ್ಲ. ಮೊಟ್ಟೆ ಎಲ್ಲಿರುತ್ತದೆ, ಕಪ್ಪು ಬಟ್ಟೆ ಯಾಕೆ ಎಂದೆಲ್ಲ ಹೇಳಿದೆ. ಅವಳಲ್ಲೂ ನಮ್ಮಲ್ಲೂ ಒಂದೇ ದಿನ ಬಾಚುವುದೆಂದಾಯಿತು. ಫೋನ್ ಇಟ್ಟ ಮೇಲೆ, ತಾನೇ ಕೊಟ್ಟದ್ದು ಎಂದು ಆ ಹುಡುಗಿ ಎಷ್ಟು ಬೇಗ ಒಪ್ಪಿಕೊಂಡಳು ಎಂದು ಅತ್ತೆ ಒಮ್ಮೆ ಅಂದರು. ಅವತ್ತು ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಬಿಸಿಲಿನ ಝಳ ಎಂದುಕೊಂಡೆ.

ಮೊದಲ ಸಲ ಹದಿನಾಲ್ಕು ಹುಳು ಸಿಕ್ಕಿದ್ದವು, ಎರಡನೇ ಸಲ ಒಂಬತ್ತು, ಮೂರನೇ ಸಲಕ್ಕೆ ಎರಡು. ನಾನು ಆಗಲೇ ಗೆಳತಿಗೆ ಗೆದ್ದೆವು ಎಂದು ಮೆಸೇಜ್ ಹಾಕಿದೆ. ನಾಲ್ಕನೇ ಸಲ ನೋಡಿದರೆ ಆರು. ನಾನು ಸಿರಿಂಜನ್ನು ಕೆಳಗಿಟ್ಟುಬಿಟ್ಟೆ. ಅತ್ತೆ ಮಾತ್ರ ಭೂತಗನ್ನಡಿ ಕೆಳಗಿಡಲಿಲ್ಲ. "ಕಿವಿ ಹಿಂದೆ ನೋಡಿಲ್ಲ ನಾವು," ಎಂದರು. ಹವಳಕ್ಕೆ ಎಲ್ಲಿಯ ಕಿವಿ? ಅವರು ತೋರಿಸಿದ್ದು ಹವಳ ಕಲ್ಲಿಗೆ ಅಂಟಿಕೊಂಡಿದ್ದ ಬುಡವನ್ನು. ಐದು ವರ್ಷದಲ್ಲಿ ಅಲ್ಲಿ ಬೆರಳೂ ಹೋಗದ ಒಂದು ಸಂದು ಉಂಟಾಗಿತ್ತು. ಸಂದು ತೆರೆಯಬೇಕೆಂದರೆ ಹವಳವನ್ನು ಬುಡದಿಂದ ಮುರಿಯಬೇಕು. ಅರ್ಧ ಸತ್ತದ್ದನ್ನು ಮುರಿದರೆ ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅತ್ತೆ ಕಲ್ಲನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದುಕೊಂಡರು, ನಾನು ಹವಳ ಹಿಡಿದು ಮುರಿದೆ. ಲಟಕ್ ಎಂದು ಬಿಟ್ಟುಬಂತು. ಸಂದಿನೊಳಗೆ ದೊಡ್ಡ ಹುಳು ಮೂರು, ಸುತ್ತಲೂ ಮೊಟ್ಟೆಯ ಗೊಂಚಲು ಗೊಂಚಲು. ಅವುಗಳ ರಾಜಧಾನಿಯೇ ಅಲ್ಲಿತ್ತು. ಒಂದನ್ನೂ ಬಿಡಲಿಲ್ಲ.

ಆ ಮೇಲಿನ ಸಲ ಒಂದು ಮರಿ. ಅದರ ಮುಂದಿನ ಸಲ ಏನೂ ಇಲ್ಲ. ನಾನು ನಂಬಲಿಲ್ಲ, ಮತ್ತೆ ನಾಲ್ಕು ದಿನಕ್ಕೆ ನೋಡಿದೆವು, ಏನೂ ಇಲ್ಲ. ಹೊನ್ನಾಳಿಯಿಂದಲೂ ಏನೂ ಇಲ್ಲ ಎಂದೇ ಸುದ್ದಿ ಬಂತು. ಖಾತ್ರಿಗೆಂದು ಇನ್ನೂ ಒಂದು ಸಲ ಕಪ್ಪು ಬಟ್ಟೆ ಹಾಸಿ, ನೀರು ಚಿಮ್ಮಿಸಿ, ಅತ್ತೆ ಸಾಲು ಸಾಲಾಗಿ ನೋಡಿ ಮುಗಿಸುವಷ್ಟರಲ್ಲಿ ಅರ್ಧ ಗಂಟೆ ಆಯಿತು. ಕಪ್ಪು ಬಟ್ಟೆ ಕಪ್ಪಾಗಿಯೇ ಇತ್ತು. ಬಿಳಿ ಜಾಗದ ಅಂಚಿನಲ್ಲಿ ಕೂದಲೆಳೆಯಷ್ಟು ದಪ್ಪಕ್ಕೆ ಹೊಸ ಕಿತ್ತಳೆ ಬಣ್ಣ ಮುಂದಕ್ಕೆ ಬಂದಿತ್ತು. ಬೆಳೆಯುತ್ತಿತ್ತು. ನಾನು ಖುಷಿಯಿಂದ ಅತ್ತೆಯ ಭುಜ ಹಿಡಿದು ಅಲ್ಲಾಡಿಸಿಬಿಟ್ಟೆ.

ಅವರು ನಗಲಿಲ್ಲ. ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿ ಒರೆಸಿ ಇಟ್ಟರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು. "ಆವತ್ತು ಆ ಹೇನು ನೀನು ತಂದದ್ದಲ್ಲ. ನನ್ನ ಮಗಳ ತಲೇಲಿ ಇದ್ವು. ನನಗೆ ಗೊತ್ತಿತ್ತು. ಅವಳನ್ನ ನೋಡಾಕೆ ನ್ಯಾಮತಿಯಿಂದ ಗಂಡಿನ ಕಡೆಯೋರು ಬರೋರಿದ್ರು. ಮಾತು ಹೊರಗೆ ಹೋಗಬಾರದು ಅಂತ ನಿನ್ನ ಮೇಲೆ ಹಾಕಿದೆ."

ನಾನು ಬೋಗುಣಿಯ ಅಂಚು ಹಿಡಿದು ನಿಂತೆ. ನನ್ನ ನಾದಿನಿ ನ್ಯಾಮತಿಗೆ ಸೊಸೆಯಾಗಿ ಹೋಗಿ ಎಷ್ಟೋ ಕಾಲವಾಗಿದೆ, ಸುಖವಾಗಿದ್ದಾಳೆ. ಇತ್ತ ನಾನು ಪ್ರತಿ ಸಲ ತವರಿನಿಂದ ವಾಪಸ್ ಬರುವಾಗ ಬಸ್ಸು ಹತ್ತುವ ಮುಂಚೆ ಎರಡೆರಡು ಸಲ ತಲೆ ಬಾಚಿಕೊಂಡಿದ್ದೇನೆ. ಸಿಟ್ಟು ಕಾಲಿನಿಂದ ನೆತ್ತಿಗೆ ಏರಿತು. ಅಳುತ್ತಾ ಅವರನ್ನು ತಬ್ಬಿಕೊಂಡೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ನಾನು ಹೇಳಿದ್ದು ಬೇರೆ.

"ಕಟ್ಟೆ ಮೇಲೆ ಅಂದಿದ್ದನ್ನ ಕಟ್ಟೆ ಮೇಲೇ ಹೇಳ್ರಿ, ಅತ್ತೆ."

ಅವರು ಎದ್ದು ಒಳಗೆ ಹೋದರು. ಹವಳವನ್ನು ಹೊಸ ಕಲ್ಲಿಗೆ ಅಂಟಿಸಿ ತೊಟ್ಟಿಯಲ್ಲಿಟ್ಟೆ. ಅವರು ಹೇಳುತ್ತಾರೆ ಎಂಬ ನಂಬಿಕೆ ನನಗಿರಲಿಲ್ಲ. ಎಪ್ಪತ್ತು ದಾಟಿದವರು, ಊರಿನಲ್ಲಿ ಹೆಸರಿದ್ದವರು.

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು ಕೂತಿದ್ದರು. ಅಕ್ಕಪಕ್ಕದ ಹಳಬರು, ಜೊತೆಗೆ ಬ್ಲೌಸ್‌ಗಾಗಿ ಕಾಯುತ್ತಿದ್ದ ತ್ಯಾವಣಿಗೆಯ ಒಬ್ಬ ಹೆಂಗಸು. ನಾನು ಒಳಗೆ ಹೊಲಿಯುತ್ತಿದ್ದೆ. ಅತ್ತೆ ನನ್ನ ಮುಂದೆಯೇ ಹಾದು ಹೊರಗೆ ಹೋಗಿ ಬಾಗಿಲಲ್ಲಿ ನಿಂತರು. ಪೀಠಿಕೆಯಿಲ್ಲ, ಏನಿಲ್ಲ.

"ನಮ್ಮ ಸೊಸೆ ಜಗಳೂರಿಂದ ಹೇನು ತಂದಿರಲಿಲ್ಲ. ಅವು ನನ್ನ ಮಗಳವು. ನಾನು ಸುಳ್ಳು ಹೇಳಿದ್ದೆ."

ಹಳಬರು ಬಾಯಿ ತೆರೆದವರು ಮುಚ್ಚಲಿಲ್ಲ. ತ್ಯಾವಣಿಗೆಯ ಹೆಂಗಸು ತಲೆ ಬುಡ ಒಂದೂ ತಿಳಿಯದೆ, ಇದು ಯಾವತ್ತಿನ ವಿಷಯ ಎಂದು ಕೇಳಿದಳು. ಇಪ್ಪತ್ತಮೂರು ವರ್ಷದ ಹಿಂದಿನದು ಎಂದು ಅತ್ತೆ ಅಷ್ಟೇ ಗಂಭೀರವಾಗಿ ಹೇಳಿ, ಒಳಗೆ ಬಂದು, ತೊಟ್ಟಿಯ ಮುಂದೆ ಸ್ಟೂಲ್ ಎಳೆದುಕೊಂಡು ಕೂತು ನಮ್ಮ ಹವಳವನ್ನು ನೋಡತೊಡಗಿದರು. ನನಗೆ ನಗು ತಡೆಯಲಾಗಲಿಲ್ಲ, ಕಣ್ಣೀರೂ ನಿಲ್ಲಲಿಲ್ಲ. ಆ ಅವಾಂತರದಲ್ಲಿ ತ್ಯಾವಣಿಗೆಯವಳ ಬ್ಲೌಸಿನ ತೋಳನ್ನು ಉಲ್ಟಾ ಹೊಲಿದುಬಿಟ್ಟೆ. ಅದನ್ನು ಬಿಚ್ಚಿ ಮತ್ತೆ ಹೊಲಿಯುವಾಗ, ತಲೆ ಯಾಕೋ ತುರಿಸುತ್ತಿದೆ, ಸ್ವಲ್ಪ ನೋಡ್ರಿ ಎಂದು ಅತ್ತೆಯ ಕಡೆಗೆ ತಲೆ ಬಗ್ಗಿಸಿದೆ.